ಕೆಟ್ಟ ಸುದ್ದಿ ಸಾಹೇಬರಿಗೆ ಮುಟ್ಟುವುದು ಯಾವಾಗ?

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಗಿಣಿಗೇರಿ ಕಡೆ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಸೇರಿ ನಾಲ್ಕು ವರ್ಷ ಎಂಟು ತಿಂಗಳಾಯಿತು. ಹೋದ ವರ್ಷ ಹೊಸ ಪ್ಲಾಂಟ್ ಹೆಡ್ ಬಂದರು. ಅಂದಿನಿಂದ ಬೆಳಗಿನ ಮೀಟಿಂಗ್ ಅಂದರೆ ಎದೆ ಡವಡವ ಅನ್ನುತ್ತದೆ. ಎಲ್ಲರ ಮುಂದೆ ಬೈಯುತ್ತಾರೆ. ರಾತ್ರಿ ಹನ್ನೆರಡಕ್ಕೂ ವಾಟ್ಸಾಪ್ ಗ್ರೂಪ್‌ನಲ್ಲಿ ಪ್ರಶ್ನೆ ಹಾಕುತ್ತಾರೆ, ಉತ್ತರ ತಡವಾದರೆ ಬೆಳಿಗ್ಗೆ ಅದಕ್ಕೂ ಬೈಗುಳ. ಒಳ್ಳೆಯ ಕೆಲಸಗಾರರು ಒಬ್ಬೊಬ್ಬರೇ ಬಿಟ್ಟು ಹೋಗುತ್ತಿದ್ದಾರೆ. ‘ಈ ಕಡೆ ಜನ ಸೋಮಾರಿಗಳು’ ಅನ್ನುತ್ತಾರೆ. ಮೊನ್ನೆ ನಾನೂ ಒಬ್ಬ ಗುತ್ತಿಗೆ ಹುಡುಗನ ಮೇಲೆ ಅದೇ ಧಾಟಿಯಲ್ಲಿ ಕೂಗಾಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಒಬ್ಬ ಮೇಲಧಿಕಾರಿಯಿಂದ ಇಡೀ ಕಾರ್ಖಾನೆ ಹೀಗೆ ಕೆಡುತ್ತದಾ? ನಾನೇ ಮೆತ್ತಗಿನವನಾ? ಕೆಲಸ ಬಿಡಬೇಕಾ, ಇರಬೇಕಾ?

ಉತ್ತರ: ಹೌದು, ಕೆಡುತ್ತದೆ. ಅದಕ್ಕೆ ಹತ್ತು ವರ್ಷ ಬೇಕಿಲ್ಲ, ಒಂದು ವರ್ಷ ಸಾಕು. ನೀವು ಮೆತ್ತಗಿನವರೂ ಅಲ್ಲ. ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ ನನಗೆ ನೀವು ಬರೆದಿರುವುದರಲ್ಲಿ ಒಂದು ಮಾತೂ ಜಾಸ್ತಿ ಅನಿಸಲಿಲ್ಲ. ರಾಯಚೂರಿನ ಕಚೇರಿಗಳಿಂದ, ಗಂಗಾವತಿಯ ರೈಸ್‌ಮಿಲ್‌ಗಳಿಂದ, ಬಳ್ಳಾರಿಯ ಜೀನ್ಸ್ ಯುನಿಟ್‌ಗಳಿಂದ ಬಂದವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಒಂದು ಮಾತನ್ನು ಮೊದಲೇ ಬಿಡಿಸಿಕೊಳ್ಳೋಣ. ಕಟ್ಟುನಿಟ್ಟಿನ ಸಾಹೇಬರನ್ನೆಲ್ಲ ಕೆಟ್ಟವರ ಸಾಲಿಗೆ ಸೇರಿಸಬಾರದು. ಟಾರ್ಗೆಟ್ ಕೇಳುವುದು, ಲೆಕ್ಕ ಕೇಳುವುದು, ತಡವಾಗಿ ಬಂದವರನ್ನು ನಿಲ್ಲಿಸಿ ವಿಚಾರಿಸುವುದು ಅವರ ಕೆಲಸ. ಅದನ್ನು ಮಾಡದೆ ಎಲ್ಲರ ಜೊತೆ ಚಹಾ ಕುಡಿಯುತ್ತಾ ಒಳ್ಳೆಯವರಾಗಿ ಉಳಿಯುವ ಮ್ಯಾನೇಜರ್ ಕೂಡ ಕಾರ್ಖಾನೆಗೆ ನಷ್ಟವೇ. ನಾನು ನೋಡುವುದು ಮೂರೇ ವಿಷಯ. ಒಂದೇ ತಪ್ಪಿಗೆ ಎಲ್ಲರಿಗೂ ಒಂದೇ ಅಳತೆ ಇದೆಯಾ? ಇವತ್ತು ಹೇಳಿದ್ದಕ್ಕೆ ನಾಳೆ ನಿಲ್ಲುತ್ತಾರಾ? ನಿಜ ಹೇಳಿದವನ ಗತಿ ಸುಳ್ಳು ಹೇಳಿದವನಿಗಿಂತ ಚೆನ್ನಾಗಿರುತ್ತದಾ? ಮೂರನೆಯದೇ ದೊಡ್ಡದು. ಮೊದಲ ಎರಡರಲ್ಲಿ ಹೆಚ್ಚುಕಮ್ಮಿ ಇದ್ದರೂ ಜನ ಹೊಂದಿಕೊಳ್ಳುತ್ತಾರೆ. ಮೂರನೆಯದು ಹೋದರೆ ಆ ಜಾಗದಲ್ಲಿ ಯಾವುದೂ ನಿಲ್ಲುವುದಿಲ್ಲ.

ಯಾಕೆ ಅಂತ ನಿಮ್ಮ ಕೆಲಸದಿಂದಲೇ ಹೇಳುತ್ತೇನೆ. ಅದಿರು ಕಲ್ಲಿದ್ದಲಿನ ಜೊತೆ ಕಾದು ಸ್ಪಾಂಜ್ ಐರನ್ ಆಗುವ ಕಿಲ್ನ್, ಅಂದರೆ ತಿರುಗುವ ಕುಲುಮೆ, ಅದರ ಒಳಗೆ ಶಾಖ 1,000ದಿಂದ 1,050 ಡಿಗ್ರಿ ಆಸುಪಾಸಿನಲ್ಲಿ ಇರಬೇಕು. ಅದರಾಚೆ ಏರಿದರೆ ಕಲ್ಲಿದ್ದಲಿನ ಬೂದಿ ಮೆತ್ತಗಾಗಿ, ಅದಿರಿನ ಪುಡಿಯನ್ನೂ ಸೇರಿಸಿಕೊಂಡು ಒಳಗೋಡೆಗೆ ಅಂಟುತ್ತದೆ. ಆಕ್ರಿಷನ್ ಶುರುವಾಯಿತು ಅಂತ ನೀವು ಹೇಳುವುದು ಇದನ್ನೇ. ಮೊದಲ ದಿನಗಳಲ್ಲಿ ಗೊತ್ತಾದರೆ ಕಲ್ಲಿದ್ದಲು, ಗಾಳಿ, ಫೀಡ್ (ಒಳಗೆ ಹಾಕುವ ಮಾಲು) ಸರಿಮಾಡಿ ತಡೆಯಬಹುದು. ಬಿಟ್ಟರೆ ಬಳೆಯ ಹಾಗೆ ಸುತ್ತಲೂ ಕಟ್ಟಿಕೊಂಡು ಮಾಲು ಮುಂದೆ ಹೋಗುವುದಿಲ್ಲ, ಫೀಡ್ ಕಡೆಗೆ ವಾಪಸ್ ಚೆಲ್ಲುತ್ತದೆ. ಆಮೇಲೆ ಕಿಲ್ನ್ ನಿಲ್ಲಿಸಬೇಕು, ದಿನಗಟ್ಟಲೆ ಆರಿಸಬೇಕು, ಒಳಗೆ ಜನ ಇಳಿದು ಒಡೆದು ತೆಗೆಯಬೇಕು.

ನಾನು ಕಂಡ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಲಾಗ್‌ಶೀಟ್ ಕೈಗೆ ಸಿಕ್ಕಿತು. ಗಂಟೆಗೊಂದು ರೀಡಿಂಗ್ ಬರೆಯುವ ಹಾಳೆ. ಶಾಖ ಅಳೆಯುವ ಮೂರನೇ ಥರ್ಮೋಕಪಲ್‌ನ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ 1,020, 1,020, 1,025, 1,020. ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತು. ಎಂಟು ಗಂಟೆಯ ಬರಹವನ್ನು ಒಂದೇ ಉಸಿರಿನಲ್ಲಿ ಬರೆದದ್ದು ಕಣ್ಣಿಗೆ ಹೊಡೆಯುವಂತಿತ್ತು. ಬದಿಯ ಕಂಪ್ಯೂಟರ್‌ನಲ್ಲಿ ಅದೇ ರಾತ್ರಿಯ ಗ್ರಾಫ್ ತೆಗೆಸಿದರೆ ಗೆರೆ ಎರಡು ಗಂಟೆಯಿಂದಲೇ ಏರುತ್ತಿತ್ತು. ಆಪರೇಟರ್‌ಗೆ ಕೇಳಿದೆ. ಅವನು ತಲೆ ತಗ್ಗಿಸಲಿಲ್ಲ. ‘ಖರೇ ಬರೆದ್ರ ಮುಂಜಾನೆ ಮೀಟಿಂಗ್‌ನ್ಯಾಗ ನನ್ನ ನಿಲ್ಲಿಸಿ ಮರ್ಯಾದಿ ತಗೀತಾರ್ರೀ. ಹಿಂಗ ಬರೆದ್ರ ಹದಿನೈದು ದಿನ ಆರಾಮ. ಕಿಲ್ನ್ ಕಟ್ಟಿಕೊಂಡ ಮ್ಯಾಲೆ ಕಲ್ಲಿದ್ದಲು ಚಲೋ ಇರಲಿಲ್ಲ ಅಂತ ಎಲ್ಲಾರೂ ಅಂತಾರ’ ಅಂದ.

ಆ ಆಪರೇಟರ್ ಕೆಟ್ಟವನಲ್ಲ, ದಡ್ಡನೂ ಅಲ್ಲ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಆ ಕಾರ್ಖಾನೆಯಲ್ಲಿ ನಿಜಕ್ಕೆ ದಂಡ ಇತ್ತು, ಸುಳ್ಳಿಗೆ ಇರಲಿಲ್ಲ. ಅಂಥ ಕಡೆ ಪ್ಲಾಂಟ್ ಹೆಡ್ ಕೊನೆಗೆ ಕುರುಡರಾಗುತ್ತಾರೆ. ಅವರ ಟೇಬಲ್ ಮೇಲೆ ಎಲ್ಲ ರಿಪೋರ್ಟೂ ಇರುತ್ತದೆ, ನಿಜ ಸಂಗತಿ ಮಾತ್ರ ಇರುವುದಿಲ್ಲ. ಸಾಹೇಬರು ಎಂಥವರು ಅಂತ ಯಾರಾದರೂ ಕೇಳಿದರೆ ನಾನು ವಿದ್ಯೆ, ಅನುಭವ, ಮಾತುಗಾರಿಕೆ ನೋಡುವುದಿಲ್ಲ. ಕೆಳಗೆ ಒಂದು ಕೆಟ್ಟದ್ದು ನಡೆದರೆ ಅದು ಅವರ ಕಿವಿಗೆ ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುತ್ತೇನೆ. ಒಳ್ಳೆಯ ಕಡೆ ಅರ್ಧ ಗಂಟೆ. ಕೆಟ್ಟ ಕಡೆ ಅದು ಮುಟ್ಟುವುದೇ ಇಲ್ಲ, ಆಂಬುಲೆನ್ಸ್ ಬಂದಾಗಲೇ ಗೊತ್ತಾಗುತ್ತದೆ.

ಇದು ಬರೀ ನನ್ನ ಅನಿಸಿಕೆ ಅಂತ ತಿಳಿಯಬೇಡಿ. 1990ರ ದಶಕದಲ್ಲಿ ಅಮೆರಿಕದ ಆಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ವಾರ್ಡ್‌ಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ನೋಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಎಣಿಕೆ. ಕಂಡದ್ದು ಉಲ್ಟಾ. ಒಳ್ಳೆಯ ಮೇಲ್ವಿಚಾರಕಿ ಇದ್ದ ವಾರ್ಡ್‌ಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿದ್ದವು. ಬಿಡಿಸಿ ನೋಡಿದಾಗ ತಿಳಿದದ್ದು ಇಷ್ಟು: ಅಲ್ಲಿನ ನರ್ಸ್‌ಗಳು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಹೇಳಿದ್ದರಿಂದ ತಿದ್ದಲು ಆಗುತ್ತಿತ್ತು. ಬೈಯುವ ಮೇಲ್ವಿಚಾರಕರ ವಾರ್ಡ್‌ಗಳಲ್ಲಿ ತಪ್ಪು ಮುಚ್ಚಿಹೋಗುತ್ತಿತ್ತು. ನಿಮ್ಮ ಪ್ಲಾಂಟ್ ಹೆಡ್ ಬಂದ ಮೇಲೆ ರಿಪೋರ್ಟ್‌ನಲ್ಲಿ ಬ್ರೇಕ್‌ಡೌನ್ ಕಡಿಮೆ ಕಾಣುತ್ತಿದ್ದರೆ ಖುಷಿಪಡುವ ಮೊದಲು ಒಂದು ಸಲ ಯೋಚಿಸಬೇಕು.

ಟಾರ್ಗೆಟ್ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಒಬ್ಬೊಬ್ಬ ಗ್ರಾಹಕನಿಗೆ ಎಂಟೆಂಟು ಖಾತೆ, ಕಾರ್ಡು ಮಾರಬೇಕು ಅಂತ ಮೇಲಿನಿಂದ ಒತ್ತಡ ಇತ್ತು. ಆಗುವುದಿಲ್ಲ ಅಂದವರ ಮಾತು ಯಾರೂ ಕೇಳಲಿಲ್ಲ. ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆಯೇ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ ಅದು ಬಯಲಾಯಿತು, 18.5 ಕೋಟಿ ಡಾಲರ್ ದಂಡ ಬಿತ್ತು, ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಆದರೆ ಅಷ್ಟರೊಳಗೆ ಕೆಲಸ ಕಳೆದುಕೊಂಡವರು ಸುಮಾರು 5,300 ನೌಕರರು. ನಮ್ಮ ಕಡೆಯವರಿಗೆ ಈ ಪಾಠ ಅಮೆರಿಕದಿಂದ ಬರಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿದಾಗ ಏನಾಯಿತು ಅಂತ ಸಂಡೂರು, ಹೊಸಪೇಟೆ ಕಡೆಯ ಯಾರನ್ನಾದರೂ ಕೇಳಿ. ಅಕ್ರಮದ ತೀರ್ಮಾನ ಮಾಡಿದವರು ಮೇಲೆ ಕೂತವರು. ಕಂತು ಕಟ್ಟಲಾಗದೆ ಲಾರಿ ಕಳೆದುಕೊಂಡವರು, ಕೂಲಿ ಇಲ್ಲದೆ ಗುಳೆ ಹೋದವರು ಕೆಳಗಿನವರು.

ಈಗ ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಸಾಲಿಗೆ ಬರುತ್ತೇನೆ. ಗುತ್ತಿಗೆ ಹುಡುಗನ ಮೇಲೆ ನೀವು ಕೂಗಾಡಿದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗಕ್ಕೆ ಮುಟ್ಟುವುದಿಲ್ಲ ಅಂತ ರಾಯಚೂರು ಜಿಲ್ಲೆಯ ರೈತರು ಹೋರಾಡುತ್ತಲೇ ಇರುತ್ತಾರೆ. ಬೈಗುಳ ಮಾತ್ರ ದಾರಿಯಲ್ಲಿ ಎಲ್ಲೂ ಇಂಗದೆ ಕೊನೆಯವನಿಗೇ ಪೂರ್ತಿ ಮುಟ್ಟುತ್ತದೆ. ಮಾಲೀಕರು ಪ್ಲಾಂಟ್ ಹೆಡ್‌ಗೆ, ಅವರು ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ), ಎಚ್‌ಒಡಿ ನಿಮಗೆ, ನೀವು ಆ ಹುಡುಗನಿಗೆ. ಅವನ ಕೆಳಗೆ ಕಾರ್ಖಾನೆಯಲ್ಲಿ ಯಾರೂ ಇಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳು ಇದ್ದಾರೆ.

ಅವನ ಸ್ಥಿತಿ ನೋಡಿ. ಕಂಪನಿಯ ರೋಲ್‌ನಲ್ಲಿ ಅವನ ಹೆಸರಿಲ್ಲ. ಗುತ್ತಿಗೆದಾರ ನಾಳೆಯಿಂದ ಬರಬೇಡ ಅಂದರೆ ಮುಗಿಯಿತು. ಕೂಲರ್ ಬಳಿ, ಡಸ್ಟ್ ತೆಗೆಯುವ ಕಡೆ, ಆಕ್ರಿಷನ್ ಒಡೆಯಲು ಕಿಲ್ನ್ ಒಳಗೆ ಹೋಗುವುದು ಅವನೇ. ‘ಅಣ್ಣಾ, ಒಳಗ ಇನ್ನೂ ಭಾಳ ಬಿಸಿ ಐತಿ, ಈಗ ಹೋಗಾಕ ಆಗಂಗಿಲ್ಲ’ ಅಂತ ಹೇಳುವ ಧೈರ್ಯ ಅವನಿಗೆ ಇರಬೇಕು. ಆ ಒಂದು ಮಾತು ಅವನ ಜೀವ ಉಳಿಸುತ್ತದೆ. ನಿಮ್ಮ ಮುಖ ನೋಡಿದ ಕೂಡಲೇ ಹೆದರುವ ಹುಡುಗ ಆ ಮಾತು ಹೇಳುವುದಿಲ್ಲ. ಹೆಲ್ಮೆಟ್, ಶೂ, ಸುರಕ್ಷತಾ ಸಪ್ತಾಹದ ಬ್ಯಾನರ್ ಎಲ್ಲ ಇದ್ದೂ ಅಪಘಾತ ಆಗುವುದು ಹೀಗೆಯೇ.

ನಿಮಗೆ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀರಿ. ಅದು ಒಳ್ಳೆಯ ಲಕ್ಷಣ. ಹಾಗಾಗಿ ಉಳಿದದ್ದನ್ನೆಲ್ಲ ಆಮೇಲೆ ನೋಡೋಣ, ಮೊದಲು ಇದನ್ನು ಮಾಡಿ. ನಾಳೆ ಶಿಫ್ಟ್ ಶುರುವಾಗುವಾಗ ಆ ಹುಡುಗನನ್ನು ಹೆಸರು ಹಿಡಿದು ಕರೆಯಿರಿ. ಯಾರ ಮುಂದೆ ಬೈದಿದ್ದಿರೋ ಅವರ ಮುಂದೆಯೇ ‘ಮೊನ್ನೆ ನಾನು ಹಾಗೆ ಮಾತಾಡಬಾರದಿತ್ತು, ತಮ್ಮಾ’ ಅನ್ನಿ. ಒಂದೇ ವಾಕ್ಯ ಸಾಕು. ‘ಆದರೆ ಟೆನ್ಷನ್ ಇತ್ತು’, ‘ಮೇಲಿನಿಂದ ಒತ್ತಡ ಇತ್ತು’ ಅಂತ ಬಾಲ ಸೇರಿಸಬೇಡಿ. ನಿಮ್ಮ ಮರ್ಯಾದೆ ಕಡಿಮೆಯಾಗುತ್ತದೆ ಅನ್ನುವ ಭಯ ಬೇಡ.

ಇನ್ನು ನಿಮ್ಮ ಎದೆ ಡವಡವ ಅನ್ನುವ ವಿಷಯ. ಇದನ್ನು ಹಗುರವಾಗಿ ತಗೋಬೇಡಿ. ಸ್ವೀಡನ್ನಿನಲ್ಲಿ 3,122 ಗಂಡಸು ನೌಕರರನ್ನು ಹಲವು ವರ್ಷ ಗಮನಿಸಿ ಒಂದು ಅಧ್ಯಯನ ಮಾಡಿದರು. ತಮ್ಮ ಮೇಲಧಿಕಾರಿ ಸರಿಯಾಗಿ ಮಾಹಿತಿ ಕೊಡುತ್ತಾರೆ, ಗುರಿ ಏನು ಅಂತ ಸ್ಪಷ್ಟವಾಗಿ ಹೇಳುತ್ತಾರೆ, ಗೌರವದಿಂದ ನಡೆಸಿಕೊಳ್ಳುತ್ತಾರೆ ಅಂದವರಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡಿತು. ಅಂಥ ಮೇಲಧಿಕಾರಿ ಜೊತೆ ಹೆಚ್ಚು ವರ್ಷ ಇದ್ದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1985ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ 10,308 ಸರ್ಕಾರಿ ನೌಕರರದ್ದು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಿಗೆ ಹೃದಯದ ತೊಂದರೆ ಜಾಸ್ತಿ ಅಂತ ಅದೂ ತೋರಿಸಿತು. ಬಾಸ್ ಕೆಟ್ಟವರಾದರೆ ಎದೆಗೆ ಕುತ್ತು ಅಂತ ನೇರವಾಗಿ ಗೆರೆ ಎಳೆಯಲು ಆಗುವುದಿಲ್ಲ, ಬೀಡಿ, ಗುಟ್ಕಾ, ನಿದ್ದೆ, ಊಟ ಎಲ್ಲ ಸೇರಿರುತ್ತದೆ. ಆದರೂ ಈ ವಾರವೇ ಒಮ್ಮೆ ಬಿಪಿ ನೋಡಿಸಿ. ನಿದ್ದೆ ಕೆಟ್ಟು ಹದಿನೈದು ದಿನ ದಾಟಿದರೆ, ಅಥವಾ ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೇಳುವುದಿಲ್ಲ.

‘ಈ ಕಡೆ ಜನ ಸೋಮಾರಿಗಳು’ ಅನ್ನುವ ಮಾತು ಓದಿ ನನಗೆ ಸಿಟ್ಟು ಬಂತು. ಬೇರೆ ಕಡೆಯಿಂದ ಬಂದ ಎಷ್ಟೋ ಅಧಿಕಾರಿಗಳ ಬಾಯಲ್ಲಿ ಇದನ್ನು ಕೇಳಿದ್ದೇನೆ. ಅವರನ್ನೆಲ್ಲ ಒಂದು ಸಲ ಕೊಪ್ಪಳದ ಗವಿಮಠದ ಜಾತ್ರೆಗೆ ಕರೆದುಕೊಂಡು ಹೋಗಬೇಕು. ಲಕ್ಷಗಟ್ಟಲೆ ಜನಕ್ಕೆ ದಾಸೋಹ. ಹಳ್ಳಿಹಳ್ಳಿಯಿಂದ ಜೋಳದ ರೊಟ್ಟಿ ಬರುತ್ತದೆ. ಹಿಟ್ಟು ಕಲಸುವವರು, ಮಿರ್ಚಿ ಕರಿಯುವವರು, ಬಡಿಸುವವರು, ಪಾತ್ರೆ ತೊಳೆಯುವವರು, ಯಾರಿಗೂ ಸಂಬಳ ಇಲ್ಲ. ಯಾರೂ ಯಾರನ್ನೂ ಬೈದು ಎಬ್ಬಿಸುವುದಿಲ್ಲ. ಅದರಲ್ಲಿ ಎಷ್ಟೋ ಮಂದಿ ನಿಮ್ಮ ಕಾರ್ಖಾನೆಯ ಗೇಟಿನಲ್ಲಿ ಕಾರ್ಡ್ ಪಂಚ್ ಮಾಡುವವರೇ. ಮಠಕ್ಕೂ ಕಾರ್ಖಾನೆಗೂ ವ್ಯತ್ಯಾಸ ಇದೆ, ಭಕ್ತಿಯನ್ನು ಕಾರ್ಖಾನೆಯಲ್ಲಿ ಕೇಳುವುದು ತಪ್ಪು, ಅಲ್ಲಿ ದುಡಿಮೆಗೆ ಸಂಬಳವೇ ಸರಿಯಾದ ಪ್ರತಿಫಲ. ಆದರೆ ಜಾತ್ರೆಯಲ್ಲಿ ಬೆವರು ಸುರಿಸುವ ಅದೇ ಕೈ ಕಾರ್ಖಾನೆಯಲ್ಲಿ ಯಾಕೆ ಹಿಂದೇಟು ಹಾಕುತ್ತದೆ ಅಂತ ಕೇಳಿಕೊಳ್ಳದವರು ಜನರನ್ನು ನಡೆಸಲಾರರು.

ಒಳ್ಳೆಯವರೇ ಮೊದಲು ಬಿಟ್ಟು ಹೋಗುತ್ತಾರೆ ಅಂದಿರಿ. ಅದು ಹಾಗೇ ಆಗುತ್ತದೆ. ಕೆಲಸ ಗೊತ್ತಿದ್ದವನಿಗೆ ತೋರಣಗಲ್ಲು ಕಡೆಯೋ ಬೇರೆ ಕಡೆಯೋ ಬಾಗಿಲು ತೆರೆದಿರುತ್ತದೆ. ಉಳಿಯುವವರಲ್ಲಿ ಎರಡು ಗುಂಪು. ಮನೆ ಸಾಲ, ಮಕ್ಕಳ ಶಾಲೆ, ವಯಸ್ಸಾದ ತಂದೆ ತಾಯಿ ಅಂತ ಬಿಡಲಾಗದವರು ಒಂದು. ಸಾಹೇಬರ ಕಿವಿ ಕಚ್ಚಿ ಬದುಕುವವರು ಇನ್ನೊಂದು. ವರ್ಷ ಕಳೆದಂತೆ ಪ್ರಮೋಷನ್ ಎರಡನೇ ಗುಂಪಿಗೆ ಹೋಗುತ್ತದೆ. ಆಮೇಲೆ ಪ್ಲಾಂಟ್ ಹೆಡ್ ಬದಲಾದರೂ ಆ ಮಂದಿ ಅಲ್ಲೇ ಇರುತ್ತಾರೆ. ಹೊಸ ಹುಡುಗರು ಅವರನ್ನು ನೋಡಿಯೇ ಕಲಿಯುತ್ತಾರೆ. ಒಬ್ಬರು ಒಂದು ವರ್ಷದಲ್ಲಿ ಕೆಡಿಸಿದ್ದನ್ನು ಸರಿಮಾಡಲು ನಾಲ್ಕೈದು ವರ್ಷ ಹಿಡಿಯುವುದು ಇದಕ್ಕೇ. ಬಳ್ಳಾರಿಯ ಜೀನ್ಸ್ ಹೊಲಿಯುವವರ ಸ್ಥಿತಿ ಈ ವಿಷಯದಲ್ಲಿ ಸ್ವಲ್ಪ ವಾಸಿ. ಅಲ್ಲಿ ಪೀಸ್ ಲೆಕ್ಕದ ಕೂಲಿ. ಮಾಲೀಕ ಬಾಯಿಗೆ ಬಂದಂತೆ ಮಾತಾಡಿದರೆ ಒಳ್ಳೆಯ ಟೈಲರ್ ಪಕ್ಕದ ಯುನಿಟ್‌ಗೆ ಹೋಗಿ ಕೂರುತ್ತಾನೆ, ಮಾಲೀಕನಿಗೂ ಬೇಗ ಬುದ್ಧಿ ಬರುತ್ತದೆ. ಬೇರೆ ಭದ್ರತೆ ಏನೂ ಇಲ್ಲ ಅನ್ನುವುದೂ ನಿಜ.

ನಿಮ್ಮ ಪ್ಲಾಂಟ್ ಹೆಡ್ ಪರವಾಗಿ ಒಂದು ಮಾತು ಹೇಳಲೇಬೇಕು. ಅವರ ತಲೆ ಮೇಲೂ ಒಬ್ಬರಿದ್ದಾರೆ. ಸ್ಪಾಂಜ್ ಐರನ್ ರೇಟು ಬಿದ್ದಾಗ, ಕಲ್ಲಿದ್ದಲು ರೇಟು ಏರಿದಾಗ ಅವರ ಫೋನ್ ಕೂಡ ರಾತ್ರಿ ಹನ್ನೆರಡಕ್ಕೆ ರಿಂಗ್ ಆಗುತ್ತದೆ. ಎಷ್ಟೋ ಮಂದಿ ಒಳ್ಳೆಯ ಎಂಜಿನಿಯರ್ ಆಗಿದ್ದಕ್ಕೆ ಈ ಕುರ್ಚಿಗೆ ಬಂದಿರುತ್ತಾರೆ. ಜನರನ್ನು ನಡೆಸುವುದನ್ನು ಯಾರೂ ಕಲಿಸಿರುವುದಿಲ್ಲ. ತಮ್ಮ ಸಾಹೇಬರು ತಮ್ಮನ್ನು ಹೇಗೆ ನಡೆಸಿಕೊಂಡರೋ ಹಾಗೇ ಮಾಡುತ್ತಾರೆ. ಇದನ್ನು ತಿಳಿದರೆ ನಿಮ್ಮ ಸಿಟ್ಟು ಸ್ವಲ್ಪ ಇಳಿಯಬಹುದು. ಅವರ ನಡವಳಿಕೆಗೆ ಇದರಿಂದ ಮಾಫಿ ಸಿಗುವುದಿಲ್ಲ. ಒತ್ತಡವನ್ನು ತಡೆದು ನಿಲ್ಲಿಸುವುದಕ್ಕೇ ಅವರಿಗೆ ಆ ಸಂಬಳ.

ತಡೆದು ನಿಲ್ಲಿಸಿದವರೂ ಇದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ನೀರು ನಂಬಿದ ರೈತರ ಎದೆ ಒಡೆದ ರಾತ್ರಿ ಅದು. ಹರಿಯುವ ನೀರಿನಲ್ಲೇ ಗೇಟಿನ ಜಾಗ ಮುಚ್ಚುವ ಉಕ್ಕಿನ ಸ್ಟಾಪ್‌ಲಾಗ್ ಇಳಿಸುವ ಕೆಲಸದ ಮುಂದಾಳತ್ವ ವಹಿಸಿದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಆ ವಯಸ್ಸಿನಲ್ಲೂ ಅಣೆಕಟ್ಟಿನ ಮೇಲೇ ನಿಂತಿದ್ದರು. ಕೆಲಸಗಾರರ ಜೊತೆ ಅದೇ ಗಾಳಿ, ಅದೇ ಮಳೆ. ಒಂದು ವಾರದಲ್ಲಿ ನೀರು ನಿಂತಿತು. ಇಡೀ ರಾಜ್ಯವೇ ನೋಡುತ್ತಿದ್ದ ಆ ಒತ್ತಡಕ್ಕೆ ಹೋಲಿಸಿದರೆ ನಮ್ಮ ತಿಂಗಳ ಪ್ರೊಡಕ್ಷನ್ ಟಾರ್ಗೆಟ್ ಎಷ್ಟರದು?

ಇನ್ನೊಂದು ಉದಾಹರಣೆ ನಿಮ್ಮಂಥದ್ದೇ ಉದ್ಯಮದ್ದು. 1987ರಲ್ಲಿ ಪಾಲ್ ಓನೀಲ್ ಎಂಬವರು ಅಮೆರಿಕದ ಆಲ್ಕೋವಾ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾದರು. ಹೂಡಿಕೆದಾರರ ಮುಂದೆ ಮಾಡಿದ ಮೊದಲ ಭಾಷಣದಲ್ಲೇ ಲಾಭ ಬಿಟ್ಟು ಕಾರ್ಮಿಕರ ಸುರಕ್ಷತೆ ಮಾತಾಡಿದರು. ಯಾವ ಘಟಕದಲ್ಲಿ ಯಾರಿಗೆ ಗಾಯವಾದರೂ 24 ಗಂಟೆಯೊಳಗೆ ನನಗೆ ತಿಳಿಸಬೇಕು, ಮತ್ತೆ ಆಗದಂತೆ ಏನು ಮಾಡುತ್ತೀರಿ ಅಂತಲೂ ಹೇಳಬೇಕು ಅಂದರು. 24 ಗಂಟೆಯಲ್ಲಿ ಮೇಲಿನವರಿಗೆ ತಿಳಿಯಬೇಕಾದರೆ ಘಟಕದ ಮುಖ್ಯಸ್ಥನಿಗೆ ಅದಕ್ಕೂ ಮೊದಲು ತಿಳಿಯಬೇಕು, ಅವನಿಗೆ ಫೋರ್‌ಮನ್ ಕೂಡಲೇ ಹೇಳಬೇಕು, ಫೋರ್‌ಮನ್‌ಗೆ ಕಾರ್ಮಿಕ ಹೆದರದೆ ಹೇಳಬೇಕು. ಆ ಒಂದೇ ನಿಯಮ ಕೆಳಗಿನಿಂದ ಮೇಲಕ್ಕೆ ದಾರಿ ತೆರೆಯಿತು. ಗಾಯದಿಂದ ಕೆಲಸ ತಪ್ಪುವ ಪ್ರಮಾಣ ನೂರು ಕಾರ್ಮಿಕರಿಗೆ 1.86 ಇದ್ದದ್ದು ಅವರು ಬಿಡುವ ಹೊತ್ತಿಗೆ 0.2ಕ್ಕೆ ಇಳಿಯಿತು. ಕಂಪನಿಯ ಲಾಭವೂ ಹಲವು ಪಟ್ಟು ಏರಿತು.

ನೀವು ಪ್ಲಾಂಟ್ ಹೆಡ್ ಅಲ್ಲ, ಗೊತ್ತು. ಆದರೆ ನಿಮ್ಮ ಪಾಳಿಯ ಮಂದಿಗೆ ನೀವೇ ಕಾರ್ಖಾನೆ. ಎಂಟು ಗಂಟೆ ಅವರಿಗೆ ಕಾಣುವುದು ನಿಮ್ಮ ಮುಖ. ಯಾರಾದರೂ ಬಂದು ‘ಸರ್, ಟೆಂಪರೇಚರ್ ಏರಾಕತ್ತೈತ್ರಿ’ ಅಂದರೆ ಮೊದಲ ಮಾತು ‘ಹೇಳಿದ್ದು ಚಲೋ ಆತು’ ಆಗಿರಲಿ. ಯಾರ ತಪ್ಪು ಅನ್ನುವ ಪ್ರಶ್ನೆ ಕೆಲಸ ಮುಗಿದ ಮೇಲೆ ಕೇಳಿದರೂ ನಡೆಯುತ್ತದೆ. ಲಾಗ್‌ಶೀಟ್‌ನಲ್ಲಿ ನಿಜವಾದ ಅಂಕಿಯನ್ನೇ ಬರೆಸಿ, ಸಹಿ ನೀವು ಮಾಡಿ. ಬೈಗುಳ ಬಂದರೆ ಸಹಿ ಮಾಡಿದವರಿಗೆ ಬರಲಿ, ಬರೆದವನಿಗೆ ಬೇಡ. ಇದು ಸುಲಭ ಅಂತ ಹೇಳುತ್ತಿಲ್ಲ. ನಿಮ್ಮ ಕೈಲಿ ಇರುವುದು ಇಷ್ಟು, ಮತ್ತೆ ಇದು ಕಡಿಮೆ ಏನಲ್ಲ.

ಮೇಲಕ್ಕೆ ಹೇಳುವಾಗ ಸ್ವಲ್ಪ ಉಪಾಯ ಬೇಕು. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಕೆಟ್ಟ ಸುದ್ದಿ ಬಿಚ್ಚಬೇಡಿ. ಮೀಟಿಂಗಿಗೆ ಅರ್ಧ ಗಂಟೆ ಮೊದಲು ಎಚ್‌ಒಡಿ ಮೂಲಕವೋ ನೇರವಾಗಿಯೋ ತಿಳಿಸಿ. ಏನಾಗಿದೆ, ಬಿಟ್ಟರೆ ಎಷ್ಟು ದಿನದ ಪ್ರೊಡಕ್ಷನ್ ಹೋಗುತ್ತದೆ, ಈಗ ಏನು ಮಾಡಬಹುದು, ಇಷ್ಟನ್ನೇ ಬರೆಯಿರಿ. ಬೈಯುವ ಅಧಿಕಾರಿಗಳಲ್ಲಿ ಹೆಚ್ಚಿನವರು ಎಲ್ಲರ ಮುಂದೆ ಮುಜುಗರ ಆದಾಗ ಜಾಸ್ತಿ ಕೂಗುತ್ತಾರೆ. ಮೊದಲೇ ಗೊತ್ತಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿದಿರುತ್ತದೆ. ವಾಟ್ಸಾಪ್ ವಿಷಯ ನೀವೊಬ್ಬರೇ ಎತ್ತಬೇಡಿ. ಮೂವರು ನಾಲ್ವರು ಶಿಫ್ಟ್ ಇನ್‌ಚಾರ್ಜ್‌ಗಳು ಸೇರಿ, ‘ಡ್ಯೂಟಿಯಲ್ಲಿ ಇರುವವರೇ ರಾತ್ರಿ ಉತ್ತರ ಕೊಡುತ್ತೇವೆ, ತುರ್ತು ಇದ್ದರೆ ಫೋನ್ ಮಾಡಿ’ ಅಂತ ಕೇಳಿ. ದೂರಿನ ಧಾಟಿ ಬೇಡ, ವ್ಯವಸ್ಥೆಯ ಧಾಟಿ ಇರಲಿ.

ಎಚ್‌ಆರ್‌ಗೆ ಹೇಳಿದರೆ ಆಗುತ್ತದಾ? ನಮ್ಮ ಕಡೆಯ ಎಷ್ಟೋ ಕಾರ್ಖಾನೆಗಳಲ್ಲಿ ಎಚ್‌ಆರ್‌ನವರು ಪ್ಲಾಂಟ್ ಹೆಡ್‌ಗೇ ರಿಪೋರ್ಟ್ ಮಾಡುತ್ತಾರೆ. ಅಲ್ಲಿ ಹೇಳಿದ್ದು ಸಂಜೆಯೊಳಗೆ ಅವರ ಟೇಬಲ್‌ಗೆ ಹೋಗುತ್ತದೆ. ಹೆಡ್ ಆಫೀಸ್ ಎಚ್‌ಆರ್ ಬೇರೆ ಇದ್ದರೆ, ಅಥವಾ ಮಾಲೀಕರು ಪ್ಲಾಂಟಿಗೆ ಬಂದು ಎಲ್ಲರ ಜೊತೆ ಮಾತಾಡುವವರಾದರೆ, ಅಲ್ಲಿ ಹೇಳಿ. ನೋವಿನ ಮಾತಿಗಿಂತ ಹಣದ ಮಾತು ಅವರಿಗೆ ಬೇಗ ಕೇಳಿಸುತ್ತದೆ. ವರ್ಷದಲ್ಲಿ ಎಷ್ಟು ಅನುಭವಿ ಆಪರೇಟರ್‌ಗಳು ಬಿಟ್ಟರು, ಕಿಲ್ನ್ ಎಷ್ಟು ಸಲ ನಿಂತಿತು, ಹೊಸಬರನ್ನು ತಯಾರು ಮಾಡಲು ಎಷ್ಟು ತಿಂಗಳು ಹಿಡಿಯಿತು ಅಂತ ಒಂದು ಪುಟದಲ್ಲಿ ಇಡಿ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ. ಬರೀ ಕೂಗಾಡುವುದಕ್ಕೆ ಕೇಸ್ ಆಗುವುದು ಕಷ್ಟ. ಮೇಲ್ವಿಚಾರಣೆ ಹುದ್ದೆಯಲ್ಲಿ ಸಂಬಳ ಒಂದು ಮಿತಿ ದಾಟಿದರೆ ಕೈಗಾರಿಕಾ ವಿವಾದದ ಕಾನೂನಿನಲ್ಲಿ ಕಾರ್ಮಿಕರಿಗೆ ಸಿಗುವ ರಕ್ಷಣೆಯೂ ನಿಮಗೆ ಸಿಗುವುದಿಲ್ಲ. ಆದರೆ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಪರಿಶಿಷ್ಟ ಜಾತಿ, ಪಂಗಡದವರನ್ನು ಅದು ಕಾಯುತ್ತದೆ. ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆದರೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಇರುವ ಎಲ್ಲ ಕಡೆ ಆಂತರಿಕ ಸಮಿತಿ ಇರಲೇಬೇಕು, ದೂರು ಮೂರು ತಿಂಗಳೊಳಗೆ ಕೊಡಬೇಕು. ಕಾರ್ಮಿಕರ ಹೆಚ್ಚುವರಿ ಗಂಟೆಗಳ ದುಡಿಮೆಗೆ (ಓವರ್‌ಟೈಮ್) ಎರಡು ಪಟ್ಟು ದರ ಕೊಡುವುದು ಕಾನೂನು. ಸುರಕ್ಷತೆ ವಿಷಯವಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಬರೆಯಬಹುದು. ಯಾವುದಕ್ಕೂ ಆಧಾರ ಬೇಕು. ದಿನಾಂಕ, ಹೊತ್ತು, ಹೇಳಿದ ಮಾತು, ಅಲ್ಲಿದ್ದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಅವತ್ತವತ್ತೇ ಬರೆದಿಡಿ. ಮೆಸೇಜುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇನ್ನು ಬಿಡಬೇಕಾ, ಇರಬೇಕಾ. ಸುಳ್ಳು ಬರೆಯಲು ನಿಮ್ಮನ್ನು ಬಲವಂತ ಮಾಡಿದರೆ, ಅಥವಾ ಸುರಕ್ಷತೆ ಬದಿಗಿಟ್ಟು ಜನರನ್ನು ಕಿಲ್ನ್ ಒಳಗೆ ಕಳಿಸು ಅಂದರೆ, ಯಾವ ಲೆಕ್ಕವನ್ನೂ ನೋಡಬೇಡಿ. ಆಗುವುದಿಲ್ಲ ಅನ್ನಿ, ಬೇರೆ ಕೆಲಸ ಹುಡುಕಿ. ಅಪಘಾತ ಆದರೆ ಮೊದಲು ಕೇಳುವುದು ಶಿಫ್ಟ್ ಇನ್‌ಚಾರ್ಜ್ ಯಾರು ಅಂತ. ಅಲ್ಲಿಯವರೆಗೆ ಬಂದಿಲ್ಲ ಅಂದರೆ ಆತುರ ಬೇಡ. ಇವತ್ತಿನ ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ, ಹಾಗಂತ ‘ನೋಡೋಣ’ ಅಂತ ವರ್ಷಗಟ್ಟಲೆ ಎಳೆಯಲೂಬೇಡಿ. ಮನೆಯವರ ಜೊತೆ ಕೂತು ಒಂದು ತಾರೀಖು ಗೊತ್ತುಮಾಡಿ.

ನಿಮ್ಮ ವಿಷಯದಲ್ಲಿ ಆ ತಾರೀಖು ತಾನಾಗಿಯೇ ಇದೆ. ಇನ್ನು ನಾಲ್ಕು ತಿಂಗಳಿಗೆ ಐದು ವರ್ಷ ತುಂಬುತ್ತದೆ. ಸತತ ಐದು ವರ್ಷದ ಸೇವೆಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ನಿಮ್ಮ ಹಕ್ಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 20,000 ರೂಪಾಯಿ ಅಂತಿಟ್ಟುಕೊಂಡರೆ ಐದು ವರ್ಷಕ್ಕೆ ಸುಮಾರು 57,690 ರೂಪಾಯಿ ಆಗುತ್ತದೆ. ಮೂವತ್ತು ದಿನದೊಳಗೆ ಕೊಡಬೇಕು. ಈ ನಾಲ್ಕು ತಿಂಗಳಲ್ಲಿ ಬೇರೆ ಕಡೆ ಅರ್ಜಿ ಹಾಕುತ್ತಾ ಇರಿ, ಆಫರ್ ಲೆಟರ್ ಕೈಗೆ ಬರುವವರೆಗೆ ಇಲ್ಲಿ ಬಾಯಿ ಬಿಡಬೇಡಿ. ಅಷ್ಟರಲ್ಲಿ ಬೈಗುಳ ಕಡಿಮೆಯಾಗಿ, ನಿಜ ಹೇಳಿದವರಿಗೆ ಜಾಗ ಸಿಗುತ್ತಿದ್ದರೆ ಉಳಿಯುವ ಬಗ್ಗೆ ಮತ್ತೆ ಯೋಚಿಸಬಹುದು. ಹೊಸ ಕಡೆ ಸಂದರ್ಶನಕ್ಕೆ ಹೋದಾಗ ಸಂಬಳ ಕೇಳಿ ಸುಮ್ನೆ ಎದ್ದು ಬರಬೇಡಿ. ಅಲ್ಲಿನ ಕ್ಯಾಂಟೀನಿನಲ್ಲಿ ಯಾರಾದರೂ ಆಪರೇಟರ್ ಜೊತೆ ಚಹಾ ಕುಡಿಯಿರಿ. ಹೋದ ಸಲ ಬ್ರೇಕ್‌ಡೌನ್ ಆದಾಗ ಸಾಹೇಬರು ಏನಂದರು ಅಂತ ಕೇಳಿ.

ಹೊರಡುವಾಗ ನೋಟಿಸ್ ಅವಧಿ ಪೂರ್ತಿ ಮಾಡಿ, ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೈಯಲ್ಲಿ ಹಿಡಿದೇ ಗೇಟ್ ದಾಟಿ. ಪಿಎಫ್ ಹಣ ಬಿಡಿಸಬೇಡಿ, ಅದೇ ಯುಎಎನ್ (ಪಿಎಫ್ ಸದಸ್ಯತ್ವದ) ನಂಬರ್ ಮೇಲೆ ಹೊಸ ಕಂಪನಿಗೆ ವರ್ಗಾಯಿಸಿ. ಎರಡೂ ಕಡೆಯ ಸೇವೆ ಸೇರಿ ಹತ್ತು ವರ್ಷ ತುಂಬಿದರೆ ಪಿಂಚಣಿಗೂ ಅರ್ಹತೆ ಬರುತ್ತದೆ.